ಮಂಗಳವಾರದ ಮನೆ

ನಮ್ಮ ಶಾಲೆಗೆ ಏನಾದರೂ ಕೊಡುತ್ತೇನೆ ಎಂದು ಯಾರಾದರೂ ಬಂದರೆ ನಾನು ಅವರ ಕೈಯಲ್ಲಿ ಏನಿದೆ ಎಂದು ನೋಡುವುದಿಲ್ಲ. ಅವರ ಹಿಂದೆ ಮೊಬೈಲ್ ಹಿಡಿದು ಫೋಟೋ ತೆಗೆಯಲು ಯಾರು ನಿಂತಿದ್ದಾರೆ ಎಂದು ನೋಡುತ್ತೇನೆ. ನೌಕರಿ ನನಗೆ ಕಲಿಸಿದ ವಿದ್ಯೆ ಇದು. ಹಡಗಲಿ ಕಡೆಯ ಒಂದು ಶಾಲೆಯಲ್ಲಿದ್ದಾಗ ಒಬ್ಬರು ಮಕ್ಕಳಿಗೆಲ್ಲ ಬ್ಯಾಗು ಹಂಚಿದರು. ಬ್ಯಾಗಿನ ಮೇಲೆ ಅವರದೇ ಮುಖ, ಕೈ ಮುಗಿದುಕೊಂಡು ನಗುತ್ತಿತ್ತು. ಚುನಾವಣೆ ಮುಗಿಯುವವರೆಗೂ ನಮ್ಮ ಮಕ್ಕಳು ಆ ಮುಖವನ್ನು ಬೆನ್ನ ಮೇಲೆ ಹೊತ್ತು ಊರೆಲ್ಲ ತಿರುಗಿದವು. ಆಮೇಲೆ ನನಗೆ ಹರಪನಹಳ್ಳಿ ತಾಲ್ಲೂಕಿಗೆ ವರ್ಗವಾಯಿತು. ಅಲ್ಲೊಬ್ಬರು ಶಾಲೆಯ ಅಂಗಳಕ್ಕೆ ಕಾಂಕ್ರೀಟು ಹಾಕಿಸಿಕೊಟ್ಟರು. ಎಂಥ ಪುಣ್ಯಾತ್ಮ ಎಂದುಕೊಂಡೆವು. ಸುಗ್ಗಿ ಬಂತು, ಅವರ ಮನೆಯ ಮೆಕ್ಕೆಜೋಳವೆಲ್ಲ ಬಂದು ಆ ಕಾಂಕ್ರೀಟಿನ ಮೇಲೆ ಒಣಗಲು ಬಿತ್ತು. ಅದು ಒಣಗುವಷ್ಟು ದಿನ ನಮ್ಮ ಮಕ್ಕಳು ಪ್ರಾರ್ಥನೆಗೆ ರಸ್ತೆಯಲ್ಲಿ ನಿಂತರು.

ಆದ್ದರಿಂದ ನನ್ನ ಅನುಮಾನಕ್ಕೆ ಕಾರಣವೇ ಇಲ್ಲ ಎಂದು ಯಾರೂ ಹೇಳಬಾರದು. ಹುಟ್ಟುಗುಣವೂ ಸ್ವಲ್ಪ ಇದ್ದೀತು. ಸಂತೆಯಲ್ಲಿ ತರಕಾರಿಯವಳು ಒಂದು ಹಿಡಿ ಕೊತ್ತಂಬರಿ ಹೆಚ್ಚಿಗೆ ಹಾಕಿದರೆ, ನಾನು ಮನೆಗೆ ಬಂದು ಬದನೆಕಾಯಿಯಲ್ಲಿ ಹುಳ ಇದೆಯೋ ಎಂದು ಒಂದೊಂದನ್ನೂ ಹೆಚ್ಚಿ ನೋಡುವವಳು.

ಈಗ ಕೆಲವು ವರ್ಷಗಳಿಂದ ನಾನಿರುವುದು ಕೊಟ್ಟೂರಿಗೂ ಕೂಡ್ಲಿಗಿಗೂ ನಡುವೆ, ಡಾಂಬರು ರಸ್ತೆಯಿಂದ ಒಂದಿಷ್ಟು ಒಳಗಿರುವ ಊರಿನಲ್ಲಿ. ಏಳನೇ ತರಗತಿಯವರೆಗಿನ ಸರ್ಕಾರಿ ಶಾಲೆ, ನಾನು ಅದರ ಮುಖ್ಯೋಪಾಧ್ಯಾಯಿನಿ. ಶಾಲೆಯ ಹಿಂದಿನ ಓಣಿಯಲ್ಲೇ ಬಾಡಿಗೆ ಮನೆ. ಗಂಡನಿಗೆ ಹಡಗಲಿಯಲ್ಲಿ ಕೆಲಸ, ಶನಿವಾರ ಬಂದು ಸೋಮವಾರ ಹೋಗುತ್ತಾರೆ. ಊರಿನ ಹಿರಿಯರು ನನ್ನನ್ನು ಅಕ್ಕೋರು ಎನ್ನುತ್ತಾರೆ, ಮಕ್ಕಳು ಮೇಡಂ ಎನ್ನುತ್ತವೆ.

ಈ ಊರಿನಲ್ಲಿ ಕುರಿ ಸಾಕುವ ಮನೆಗಳು ಬಹಳ. ದೀಪಾವಳಿ ಮುಗಿದ ಮೇಲೆ ಅವರು ಹಿಂಡು ಹೊಡೆದುಕೊಂಡು ಮೇವು ಹುಡುಕುತ್ತ ಊರು ಬಿಡುತ್ತಾರೆ. ಕೊಯ್ಲಾದ ಹೊಲಗಳಲ್ಲಿ ರಾತ್ರಿ ಕುರಿ ತರುಬುತ್ತಾರೆ. ಹಿಂಡು ಒಂದು ರಾತ್ರಿ ಮಲಗೆದ್ದರೆ ಹೊಲಕ್ಕೆ ಗೊಬ್ಬರವಾಗುತ್ತದೆ, ಅದಕ್ಕೆ ಬದಲಾಗಿ ಹೊಲದವರು ಜೋಳ ಕೊಡುತ್ತಾರೆ. ಅವರು ಮತ್ತೆ ಊರಿಗೆ ಬರುವುದು ಮುಂಗಾರು ಹನಿದ ಮೇಲೆ. ಅಪ್ಪ ಅವ್ವ ಹೋದರೆ ಮಕ್ಕಳೂ ಹೋಗಬೇಕು, ಬೀಗ ಹಾಕಿದ ಮನೆಯಲ್ಲಿ ಅವಕ್ಕೆ ಊಟ ಹಾಕುವವರು ಯಾರು? ನನ್ನ ಹಾಜರಿ ಪುಸ್ತಕದಲ್ಲಿ ದೀಪಾವಳಿಯಿಂದಾಚೆ ಆ ಹೆಸರುಗಳ ಮುಂದೆ ಬರೀ ಗೈರು. ತಿರುಗಿ ಬಂದಾಗ ಮಗ್ಗಿ ಮರೆತಿರುತ್ತದೆ, ಎರಡು ವರ್ಷ ಹೀಗೇ ಆದರೆ ಶಾಲೆಯೇ ಮರೆತಿರುತ್ತದೆ. ಕೂಡ್ಲಿಗಿಯ ಹಾಸ್ಟೆಲಿಗೆ ಹಾಕಿ ಎಂದರೆ, ಇಷ್ಟು ಸಣ್ಣ ಹೆಣ್ಣುಮಕ್ಕಳನ್ನು ಗುರುತಿಲ್ಲದ ಊರಿನಲ್ಲಿ ಬಿಟ್ಟು ನಾವು ಹೊಲದಲ್ಲಿ ನಿದ್ದೆ ಮಾಡುವುದು ಹೇಗೆ ಎನ್ನುತ್ತಾರೆ. ಅದಕ್ಕೆ ನನ್ನ ಹತ್ತಿರವೂ ಉತ್ತರವಿರಲಿಲ್ಲ.

ಉತ್ತರ ತಂದವರು ಒಬ್ಬ ನಿವೃತ್ತ ಬಸ್ ಕಂಡಕ್ಟರು, ಇದೇ ಊರಿನವರು. ಸಣ್ಣವರಿದ್ದಾಗಲೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡು, ಹಗರಿಬೊಮ್ಮನಹಳ್ಳಿಯಲ್ಲಿ ವಾರಾನ್ನದಲ್ಲಿ ಓದಿದವರಂತೆ. ಅಂದರೆ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು, ಹೀಗೆ ವಾರಕ್ಕೆ ಏಳು ಮನೆಯಲ್ಲಿ ಉಂಡು ಎಸ್ಸೆಸ್ಸೆಲ್ಸಿ ಮುಗಿಸಿದವರು. ಅದನ್ನೇ ಇಲ್ಲಿ ಮಾಡೋಣ ಎಂದು ಹೊರಟರು. ಒಂದು ಮಗುವಿಗೆ ಏಳು ಮನೆ, ಸಂಜೆ ಊಟ ಮತ್ತು ಮರುದಿನ ಬೆಳಗಿನ ರೊಟ್ಟಿ. ಮಧ್ಯಾಹ್ನದ ಊಟ ಹೇಗೂ ಶಾಲೆಯಲ್ಲಿದೆ. ಮಲಗುವುದಕ್ಕೆ ಅವರದೇ ಮನೆ, ಅವರ ಹೆಂಡತಿಯ ಪಕ್ಕದಲ್ಲಿ. ಹೊರಗಿನ ಸಂಸ್ಥೆ ಬೇಡ, ಬ್ಯಾನರು ಬೇಡ, ಊರೇ ಊರಿನ ಮಕ್ಕಳನ್ನು ನೋಡಿಕೊಳ್ಳಲಿ ಎನ್ನುವುದು ಅವರ ಮಾತು. ಯಾವ ಮಗು ಯಾವ ದಿನ ಯಾರ ಮನೆಗೆ ಎನ್ನುವುದಕ್ಕೆ ಒಂದು ವಾಟ್ಸಾಪ್ ಗುಂಪು. ಆ ವರ್ಷ ಹೀಗೆ ಊರಿನಲ್ಲಿ ಉಳಿದದ್ದು ನಾಲ್ಕು ಹೆಣ್ಣುಮಕ್ಕಳು.

ಬ್ಯಾನರು ಬೇಡ ಎಂದ ಕೂಡಲೇ ನನ್ನ ಕಿವಿ ನೆಟ್ಟಗಾದವು. ಬ್ಯಾನರು ಕೇಳುವವರಿಗೆ ಏನು ಬೇಕೆಂದು ನನಗೆ ಗೊತ್ತು. ಏನೂ ಬೇಡ ಎನ್ನುವವರಿಗೆ ಏನು ಬೇಕು? ಪಂಚಾಯ್ತಿ ಚುನಾವಣೆಗೆ ನಿಲ್ಲುತ್ತಾರೇನೋ ಎಂದುಕೊಂಡೆ. ಅವರು ನಿಲ್ಲಲಿಲ್ಲ. ಹಾಗಿದ್ದರೆ ಹೆಂಡತಿಯನ್ನು ನಿಲ್ಲಿಸಬಹುದು ಎಂದುಕೊಂಡೆ. ಅದೂ ಆಗಲಿಲ್ಲ. ಅವರು ಶಾಲೆಗೆ ಬಂದು ಎಂದಿನಂತೆ ಬೆಲ್ಲದ ಮಾತಾಡಿ ಹೋದಾಗಲೆಲ್ಲ ನಾನು ಬೀರುವಿಗೆ ಬೀಗ ಬಿದ್ದಿದೆಯೇ ಎಂದು ನೋಡಿಕೊಳ್ಳುತ್ತಿದ್ದೆ.

ಮನೆಗಳ ಮೇಲೂ ಗುಮಾನಿಯೇ. ಈ ಊರಿನಲ್ಲಿ ಯಾರು ಯಾರ ಮನೆಯಲ್ಲಿ ಎಲ್ಲಿಯವರೆಗೆ ಒಳಗೆ ಹೋಗುತ್ತಾರೆ ಎನ್ನುವುದನ್ನು ನಾನು ನೋಡಿದ್ದೇನೆ. ಕುರಿ ಕಾಯುವವರ ಮಗುವನ್ನು ಪಡಸಾಲೆಯಲ್ಲಿ ಕೂಡಿಸುತ್ತಾರೋ, ಹೊರಗಿನ ಕಟ್ಟೆಯ ಮೇಲೋ? ಏನಾದರೂ ನೆಪ ಮಾಡಿಕೊಂಡು ಊಟದ ಹೊತ್ತಿಗೆ ಸರಿಯಾಗಿ ಮನೆಮನೆಗೆ ಹೋಗತೊಡಗಿದೆ. ಒಂದು ಮನೆಗೆ ಮೊಸರಿನ ಹೆಪ್ಪು ಕೇಳಲು, ಇನ್ನೊಂದಕ್ಕೆ ಅವರ ಮೊಮ್ಮಗನ ಆಧಾರ್ ಪ್ರತಿ ಕೇಳಲು. ಎಲ್ಲ ಮನೆಯಲ್ಲೂ ಮಕ್ಕಳು ಒಳಗೇ ಕೂತು ಮನೆಯವರೊಂದಿಗೇ ಉಣ್ಣುತ್ತಿದ್ದವು. ಒಂದು ಮನೆಯಲ್ಲಿ ಮಗು ಎಮ್ಮೆಗೆ ನೀರಿಡುತ್ತಿತ್ತು, ಇನ್ನೊಂದರಲ್ಲಿ ಅಕ್ಕಿಯಲ್ಲಿನ ಕಲ್ಲು ಆರಿಸುತ್ತಿತ್ತು. ಅದನ್ನೆಲ್ಲ ಮನೆಮಕ್ಕಳೂ ಮಾಡುತ್ತವೆ ಎಂದು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ನಿಜ ಹೇಳಬೇಕೆಂದರೆ, ಏನೂ ಸಿಗಲಿಲ್ಲವಲ್ಲ ಎಂದು ನನಗೆ ಬೇಸರವೇ ಆಯಿತು.

ಆ ನಾಲ್ವರಲ್ಲಿ ಒಬ್ಬಳು ಏಳನೇ ತರಗತಿಯವಳು. ಉಳಿದ ಮೂವರು ಸಣ್ಣವರು. ಇವಳು ಸಣಕಲು ಹುಡುಗಿ, ಗಣಿತದಲ್ಲಿ ಎತ್ತಿದ ಕೈ. ಹಿಂಡಿನಲ್ಲಿ ಯಾವ ಮರಿ ಕಡಿಮೆ ಇದೆ ಎಂದು ಎಣಿಸದೇ ಹೇಳುವವರ ಮನೆಯಲ್ಲಿ ಬೆಳೆದವಳು, ಬೋರ್ಡಿನ ಮೇಲೆ ನಾನು ಲೆಕ್ಕ ಬರೆದು ಮುಗಿಸುವುದರೊಳಗೆ ಉತ್ತರ ಬಾಯಲ್ಲಿ ಹಿಡಿದು ಕೂತಿರುತ್ತಿದ್ದಳು. ಇವಳ ಅಕ್ಕನೂ ನನ್ನ ವಿದ್ಯಾರ್ಥಿನಿಯೇ. ಆರನೇ ತರಗತಿಯಲ್ಲಿ ಹಿಂಡಿನ ಜೊತೆ ಹೋದವಳು ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಈಗ ಅವಳ ಕಂಕುಳಲ್ಲಿ ಕೂಸಿದೆ. ಕಿರಿಯವಳನ್ನು ಬಿಟ್ಟುಹೋಗಲು ಅವರ ತಾಯಿ ಒಪ್ಪಿದ್ದು ಆ ಒಂದು ವರ್ಷಕ್ಕೆ ಮಾತ್ರ. ಏಳನೆಯದರ ಪರೀಕ್ಷೆ ಮುಗಿಸಿದರೆ ಕೊಟ್ಟೂರಿನಲ್ಲಿ ಹೈಸ್ಕೂಲು, ಆಗ ದೊಡ್ಡವಳಾಗಿರುತ್ತಾಳೆ, ಹಾಸ್ಟೆಲಿಗೂ ಬಿಡುತ್ತೇನೆ ಎಂದಿದ್ದಳು. ನಡುವೆ ಏನಾದರೂ ಎಡವಟ್ಟಾದರೆ ಕರೆದುಕೊಂಡು ಹೋಗುತ್ತೇನೆ, ಆಮೇಲೆ ಯಾರೂ ಕೇಳಬಾರದು ಎಂದೂ ಹೇಳಿದ್ದಳು. ಆ ಹುಡುಗಿ ಓದಲೇಬೇಕು ಎಂದು ನನಗೆ ಆಸೆ ಇತ್ತು. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಮಾಡಿದ್ದನ್ನು ಕೇಳಿದವರಿಗೆ ಹಾಗೆನ್ನಿಸಲಿಕ್ಕಿಲ್ಲ.

ಶಿವರಾತ್ರಿ ಹತ್ತಿರವಿತ್ತು. ಒಂದು ಬುಧವಾರ ಅವಳು ನೋಟುಬುಕ್ಕು ತಂದು ಮೇಜಿನ ಮೇಲಿಟ್ಟಾಗ ಕೈಬೆರಳು ನೋಡಿದೆ. ತುದಿಯೆಲ್ಲ ಕಂದು, ಉಗುರಿನ ಸಂದಿಯಲ್ಲಿ ನಾರು. ಮೂಸಿ ನೋಡಬೇಕಾಗಿಯೇ ಇರಲಿಲ್ಲ, ಹುಣಸೆಹಣ್ಣು. ಮುಂದಿನ ಬುಧವಾರವೂ ಅದೇ. ಗುರುವಾರದಿಂದ ಮಂಗಳವಾರದವರೆಗೆ ಕೈ ಬೆಳ್ಳಗೆ, ಬುಧವಾರ ಕಂದು. ನಮ್ಮ ಕಡೆ ಆ ಕಾಲದಲ್ಲಿ ಹೆಂಗಸರು ಗುಂಪುಗೂಡಿ ಕೂತು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಾರೆ. ಬೆರಳು ಉರಿಯುವ, ನಡ ಹಿಡಿದುಹೋಗುವ ಕೆಲಸ. ಮಂಗಳವಾರದ ಮನೆ ಯಾರದೆಂದು ನೆನಪು ಮಾಡಿಕೊಂಡೆ. ಓಣಿಯ ಕೊನೆಯ ಮನೆ, ಸಂಕ್ರಾಂತಿಯಾದ ಮೇಲೆ ಹೊಸದಾಗಿ ಮಂಗಳವಾರ ಹಿಡಿದದ್ದು. ಒಂಟಿ ಹೆಂಗಸು, ಗಂಡ ಇಲ್ಲ, ಮಕ್ಕಳಿಲ್ಲ. ಯಾರೊಂದಿಗೂ ಹೆಚ್ಚು ಮಾತಿಲ್ಲ. ಇಂಥವರು ಸುಮ್ಮನೆ ಯಾಕೆ ಒಂದು ಮಗುವಿಗೆ ಊಟ ಹಾಕುತ್ತಾರೆ ಎಂದು ನಾನು ಮೊದಲೇ ಕೇಳಿಕೊಳ್ಳಬೇಕಿತ್ತು ಅನ್ನಿಸಿತು.

ಇನ್ನೊಂದು ಸಂಗತಿಯೂ ಕಣ್ಣಿಗೆ ಬಿತ್ತು. ಹುಡುಗಿಯ ಬ್ಯಾಗಿನಲ್ಲಿ ಏನೋ ಠಣ್ ಎನ್ನುತ್ತಿತ್ತು. ತೆಗೆಸಿ ನೋಡಿದರೆ ಅಲ್ಯುಮಿನಿಯಂ ತಟ್ಟೆ. ಯಾಕೆ ಎಂದರೆ, ಉಣ್ಣೋದಕ್ಕೆ ಎಂದಳು. ನನ್ನ ಮೈ ಉರಿಯಿತು. ಒಳಗೆ ಕೂಡಿಸುತ್ತಾರೆ ಸರಿ, ತಮ್ಮ ಮನೆಯ ತಟ್ಟೆ ಕೊಡುವುದಿಲ್ಲ. ಎಷ್ಟು ನಾಜೂಕು!

ಮುಂದಿನ ಮಂಗಳವಾರ ಸಂಜೆ ಆ ಮನೆಗೆ ಹೋದೆ. ಹಗಲಿನ ಬೆಳಕು ಇನ್ನೂ ಚೆನ್ನಾಗಿಯೇ ಇತ್ತು, ಓಣಿಯ ಎಲ್ಲ ಬಾಗಿಲೂ ತೆರೆದಿದ್ದವು, ಇದೊಂದು ಮನೆಯದು ಹಾಕಿತ್ತು. ಒಳಗಿನಿಂದ ಕಲ್ಲಿನಲ್ಲಿ ಕುಟ್ಟುವ ಸದ್ದು. ಬಾಗಿಲು ಬಡಿದೆ, ಸದ್ದು ನಿಂತಿತು. ಆಕೆ ಅರ್ಧ ಬಾಗಿಲು ತೆರೆದು, ಆ ಅರ್ಧವನ್ನೂ ತನ್ನ ಮೈಯಿಂದ ಮುಚ್ಚಿಕೊಂಡು ನಿಂತಳು. ಅವಳ ಹೆಗಲ ಮೇಲಿಂದ ಇಣುಕಿದೆ. ಹುಡುಗಿ ನೆಲದ ಮೇಲೆ ಕೂತಿದ್ದಳು, ಮುಂದೆ ಹುಣಸೆಹಣ್ಣಿನ ರಾಶಿ. ಹೆಪ್ಪು ಕೇಳಿ, ಇಲ್ಲ ಎನ್ನಿಸಿಕೊಂಡು ತಿರುಗಿ ಬಂದೆ. ತಪ್ಪಿಲ್ಲದವರು ಹಗಲು ಹೊತ್ತಿನಲ್ಲಿ ಬಾಗಿಲು ಯಾಕೆ ಹಾಕಿಕೊಳ್ಳುತ್ತಾರೆ ಎನ್ನುವುದೊಂದೇ ನನ್ನ ತಲೆಯಲ್ಲಿ. ಮರುದಿನ ಹುಡುಗಿಯನ್ನು ಒಬ್ಬಳನ್ನೇ ಕರೆದು ಕೇಳಿದೆ. ಅವಳು ತಲೆ ತಗ್ಗಿಸಿ, ತಾನೇ ಮಾಡಿದ್ದು, ಯಾರೂ ಹೇಳಿಲ್ಲ ಎಂದಳು. ಹೇಳಿಕೊಟ್ಟ ಮಾತು ಹೇಗಿರುತ್ತದೆ ಎಂದು ನನಗೆ ಗೊತ್ತಿಲ್ಲವೇ? ಶಾಲೆಯಲ್ಲಿ ಇಷ್ಟು ವರ್ಷ ಕೇಳಿದ್ದು ಅದನ್ನೇ.

ಕಂಡಕ್ಟರಿಗೆ ಹೇಳಬಹುದಿತ್ತು. ಹೇಳಲಿಲ್ಲ, ಅವರ ಮೇಲೂ ನನಗೆ ಅನುಮಾನವೇ ಇತ್ತಲ್ಲ. ಅವರಿಗೂ ಆ ಹುಣಸೆಹಣ್ಣಿಗೂ ಏನಾದರೂ ಸಂಬಂಧವಿದ್ದರೆ? ಮನೆಗೆ ಬಂದು ಒಂದು ಬಿಳಿ ಹಾಳೆ ತೆಗೆದುಕೊಂಡು ತಾಲ್ಲೂಕಿನ ಕಚೇರಿಗೆ ಪತ್ರ ಬರೆದೆ. ಊಟದ ಆಸೆ ತೋರಿಸಿ ಶಾಲೆಯ ಮಕ್ಕಳನ್ನು ದುಡಿಸಿಕೊಳ್ಳುತ್ತಿದ್ದಾರೆ ಎಂದು. ಮನೆಯ ಗುರುತು ಬರೆದೆ, ವಾರ ಬರೆದೆ. ನನ್ನ ಹೆಸರು ಬರೆಯಲಿಲ್ಲ. ಊರಿನಲ್ಲಿ ನೌಕರಿ ಮಾಡುವವಳು, ಊರಿನ ಸಿಟ್ಟು ಕಟ್ಟಿಕೊಳ್ಳುವುದು ಯಾಕೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಹೆದರಿಕೆ. ಆಗ ಅದನ್ನು ಜಾಣತನ ಎಂದುಕೊಂಡಿದ್ದೆ.

ಕಚೇರಿಯವರು ಬಂದದ್ದು ಮುಂದಿನ ಮಂಗಳವಾರ ಸಂಜೆಯೇ, ಜೀಪಿನಲ್ಲಿ. ಒಬ್ಬ ಗಂಡಸು, ಒಬ್ಬ ಹೆಂಗಸು, ಇಬ್ಬರೂ ಸೌಮ್ಯವಾಗಿಯೇ ಮಾತಾಡಿದರಂತೆ. ಆದರೆ ಜೀಪು ಬಂದು ನಿಂತ ಮೇಲೆ ಓಣಿ ನೆರೆಯದೇ ಇರುತ್ತದೆಯೇ? ಆ ಒಂಟಿ ಹೆಂಗಸನ್ನು ಅವಳ ಹೊಸ್ತಿಲ ಮೇಲೆ ನಿಲ್ಲಿಸಿ, ಎಲ್ಲರ ಮುಂದೆ, ಈ ಮಗುವಿನ ಕೈಯಲ್ಲಿ ಎಷ್ಟು ದಿನದಿಂದ ಕೆಲಸ ಮಾಡಿಸುತ್ತಿದ್ದೀ ಎಂದು ಕೇಳಿದರು. ಅವಳು ಸೆರಗು ಹೊದ್ದು ತಲೆ ತಗ್ಗಿಸಿದಳು. ಹುಡುಗಿ ಅಳುತ್ತಿದ್ದಳು. ಅವರು ಏನೋ ಬರೆದುಕೊಂಡು, ಇನ್ನೊಮ್ಮೆ ಹೀಗಾದರೆ ಕೇಸಾಗುತ್ತದೆ ಎಂದು ಹೇಳಿ ಹೋದರು. ನಾನು ಬೇಕೆಂದೇ ಶಾಲೆಯಲ್ಲೇ ಉಳಿದು, ಕಿಟಕಿಯಿಂದ ಜೀಪಿನ ಧೂಳು ನೋಡಿದೆ. ಏನೋ ಸಾಧಿಸಿದ ಹಾಗಿತ್ತು ನನಗೆ, ಸುಳ್ಳು ಯಾಕೆ ಹೇಳಲಿ.

ಮರುದಿನದಿಂದ ಊರಿನ ಮುಖವೇ ಬದಲಾಯಿತು. ಪತ್ರ ಯಾರು ಬರೆದರು ಎನ್ನುವುದೇ ಮಾತು. ಗುರುವಾರದ ಮನೆಯವರಿಗೆ ಶುಕ್ರವಾರದವರ ಮೇಲೆ ಅನುಮಾನ, ಶುಕ್ರವಾರದವರಿಗೆ ಎದುರು ಮನೆಯವರ ಮೇಲೆ. ವಾಟ್ಸಾಪ್ ಗುಂಪಿನಿಂದ ಒಬ್ಬೊಬ್ಬರೇ ಹೊರಗೆ ಹೋದರು. ಇವತ್ತು ಹುಣಸೆಹಣ್ಣು, ನಾಳೆ ನಮ್ಮ ಮನೆಯ ಎಮ್ಮೆಗೆ ನೀರಿಟ್ಟದ್ದಕ್ಕೂ ಜೀಪು ಬಂದೀತು, ಉಪಕಾರ ಮಾಡಲು ಹೋಗಿ ಈ ಉಸಾಬರಿ ಯಾಕೆ ಎಂದು ಎಲ್ಲರೂ ಬಾಗಿಲು ಹಾಕಿಕೊಂಡರು. ಸಣ್ಣ ಮೂವರಿಗೆ ಕಂಡಕ್ಟರ ಹೆಂಡತಿಯೇ ಹೇಗೋ ರೊಟ್ಟಿ ಬಡಿದು ಹಾಕಿದರು. ನನ್ನ ಹುಡುಗಿಯ ಸುದ್ದಿ ಮಾತ್ರ ಹಿಂಡಿಗೆ ಮುಟ್ಟಿತ್ತು. ಗುರುವಾರ ಬೆಳಿಗ್ಗೆ ಅವಳ ಸೋದರಮಾವ ಬೈಕಿನಲ್ಲಿ ಬಂದು ಕರೆದುಕೊಂಡು ಹೋದ. ಪರೀಕ್ಷೆಗೆ ಇನ್ನು ಮೂರು ವಾರವಿತ್ತು.

ಶುಕ್ರವಾರ ಏಳನೇ ತರಗತಿಯಲ್ಲಿ ಲೆಕ್ಕ ಬರೆದು ತಿರುಗಿದೆ. ಉತ್ತರ ಹೇಳುವವರು ಯಾರೂ ಇರಲಿಲ್ಲ. ಉತ್ತರವನ್ನೂ ನಾನೇ ಬರೆದೆ. ಸರಿಯಾದದ್ದನ್ನೇ ಮಾಡಿದ್ದರೆ ಈ ಸಂಕಟ ಯಾಕೆ?

ಶಾಲೆ ಬಿಟ್ಟ ಮೇಲೆ ಮಂಗಳವಾರದ ಮನೆಗೆ ಹೋದೆ. ಈ ಸಲ ನೆಪ ಹುಡುಕಲಿಲ್ಲ. ಆಕೆ ಅದೇ ಅರ್ಧ ಬಾಗಿಲಿನಲ್ಲಿ ನಿಂತಳು. ಯಾಕೆ ಹಾಗೆ ಮಾಡಿದಿರಿ, ಸಣ್ಣ ಮಗುವಲ್ಲವೇ ಎಂದು ಕೇಳಿದೆ. ಬಾಗಿಲ ಚೌಕಟ್ಟಿಗೆ ಒರಗಿಕೊಂಡಳು. ಆಮೇಲೆ ಹೇಳಿದಳು.

"ಮೊದಲ್ನೇ ವಾರ ಬಂದಾಗ ರೊಟ್ಟಿ ಹಾಕಿ ಕೊಟ್ಟೆ ಅಕ್ಕೋರೆ. ಕೈ ಹಚ್ಚಲಿಲ್ಲ. ಏನಾರ ಕೆಲಸ ಹೇಳ್ರಿ ಅಂದ್ಲು. ನಾನೊಬ್ಬಾಕಿ ಇರೋ ಮನಿ, ಏನು ಕೆಲಸ ಇರ್ತೈತಿ? ಏನೂ ಇಲ್ಲವ್ವ, ಉಣ್ಣು ಅಂದೆ. ಎದ್ದು ಹೋದ್ಲು, ಹಸಗೊಂಡು. ಎರಡ್ನೇ ವಾರನೂ ಹಂಗ. ನಮ್ಮ ಹುಣಸಿಹಣ್ಣು ಸಂಕ್ರಾಂತಿ ಮುಗಿದ ಕೂಡ್ಲೇ ಬಿಡಿಸಿ ಮುಗಿದಿತ್ತು. ಅಕಿ ಉಣ್ಲಿ ಅಂತ ತಂಗಿ ಮನಿಂದ ಒಂದು ಪುಟ್ಟಿ ಇಸಗೊಂಡು ಬಂದೆ."

ತಟ್ಟೆ ಎಂದೆ. ನನ್ನ ದನಿ ಆಗಲೇ ಸಣ್ಣಗಾಗಿತ್ತು. ಅದು ಅವರ ಅವ್ವ ಕೊಟ್ಟು ಹೋದದ್ದು, ಇನ್ನೊಬ್ಬರ ಮನೆಯ ತಟ್ಟೆಯನ್ನು ಎಂಜಲು ಮಾಡಬಾರದು ಎಂದು ಹೇಳಿದ್ದಾಳಂತೆ, ಹುಡುಗಿ ಏಳು ಮನೆಗೂ ಅದನ್ನೇ ಒಯ್ಯುತ್ತಾಳೆ ಎಂದಳು. ಬಾಗಿಲಿನ ಬಗ್ಗೆ ಕೇಳುವ ಧೈರ್ಯ ನನಗಿರಲಿಲ್ಲ. ಅವಳೇ ಹೇಳಿದಳು. ಸಾಲಿಗೆ ಹೋಗುವ ಕೂಸಿನ ಕೈಯಲ್ಲಿ ಹುಣಸೆಹಣ್ಣು ನೋಡಿದರೆ ಓಣಿ ಏನೆನ್ನುತ್ತದೆ ಎಂದು ಹೆದರಿ ಹಾಕಿಕೊಳ್ಳುತ್ತಿದ್ದಳಂತೆ. ಹೆದರಿದ ಹಾಗೇ ಆಯಿತು, ಎದುರು ಮನೆಯವಳೇ ಬರೆದಿರಬೇಕು ಎಂದಳು. ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಚಪ್ಪಲಿ ಮೆಟ್ಟಿಕೊಂಡು ಬಂದುಬಿಟ್ಟೆ. ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ.

ಭಾನುವಾರ ಕಂಡಕ್ಟರನ್ನು ಜೊತೆ ಮಾಡಿಕೊಂಡು ಹೊರಟೆ. ಹಿಂಡು ಚಿಗಟೇರಿ ಕಡೆ ಇದೆ ಎಂದು ಅವರು ಫೋನು ಮಾಡಿ ತಿಳಿದುಕೊಂಡಿದ್ದರು. ಕೊಟ್ಟೂರಿಗೆ ಒಂದು ಬಸ್ಸು, ಹರಪನಹಳ್ಳಿಗೆ ಇನ್ನೊಂದು, ಅಲ್ಲಿಂದ ಮತ್ತೊಂದು. ದಾರಿಯುದ್ದಕ್ಕೂ ಅವರು ಕಂಡಕ್ಟರುಗಳನ್ನೆಲ್ಲ ಮಾತಾಡಿಸುತ್ತಿದ್ದರು, ನನ್ನೊಂದಿಗೆ ಮಾತ್ರ ಮಿತವಾಗಿ. ಇವರಿಗೆ ಗೊತ್ತಿದೆಯೋ ಇಲ್ಲವೋ ಎಂದು ನಾನು ಅವರ ಮುಖವನ್ನೇ ಓದುತ್ತ ಕೂತಿದ್ದೆ. ಅನುಮಾನಕ್ಕೆ ಈಗ ಕೆಲಸ ಬೇರೆಯಾಗಿತ್ತು.

ಬಸ್ಸಿಳಿದು ಕಾಲುದಾರಿಯಲ್ಲಿ ನಡೆದೆವು. ಮೆಕ್ಕೆಜೋಳ ಮುರಿದು ಖಾಲಿಯಾದ ಹೊಲ. ದೊಡ್ಡ ಕುರಿಗಳು ಮೇಯಲು ಹೋಗಿದ್ದವು, ಮರಿಗಳನ್ನು ಸುತ್ತ ಬಲೆ ಕಟ್ಟಿ ಒಳಗೆ ಕೂಡಿಹಾಕಿದ್ದರು. ಹುಡುಗಿ ಒಂದು ಮರಿಯನ್ನು ತೊಡೆಯ ಮೇಲೆ ಹಾಕಿಕೊಂಡು ಹಾಲು ಕುಡಿಸುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು, ತರಗತಿಯಲ್ಲಿ ನಿಲ್ಲುವ ಹಾಗೆಯೇ. ಅವಳ ತಾಯಿ ನೀರು ಕೊಟ್ಟಳು, ಕಂಬಳಿ ಹಾಸಿದಳು. ಆಮೇಲೆ ಎದುರಿಗೆ ಕೂತು, ಬಂದದ್ದು ಯಾಕೆ ಎಂದು ಕೇಳಿದಳು. ಕಂಡಕ್ಟರು ಪರೀಕ್ಷೆಯ ವಿಷಯ ಹೇಳಿದರು, ಮನೆಗಳನ್ನು ಮತ್ತೆ ಒಪ್ಪಿಸುತ್ತೇನೆ ಎಂದರು. ಆಕೆ ಅವರ ಮಾತನ್ನು ಕೇಳಿಸಿಕೊಂಡಂತೆಯೇ ಕಾಣಲಿಲ್ಲ. ಅವಳ ಕಣ್ಣು ನನ್ನ ಮೇಲಿತ್ತು. ಬರೆದು ಕಳಿಸಿದವರು ಯಾರು ಎಂದಳು.

ಸುಳ್ಳು ಹೇಳುವುದು ಬಹಳ ಸುಲಭವಿತ್ತು. ಹುಡುಗಿ ಅಲ್ಲೇ ನಿಂತಿದ್ದಳು, ಮರಿ ಅವಳ ಲಂಗ ಜಗ್ಗುತ್ತಿತ್ತು. ನಾನೇ ಬರೆದದ್ದು ಎಂದೆ. ದುಡಿಸಿಕೊಳ್ಳುತ್ತಿದ್ದಾರೆ ಎಂದು ತಿಳಿದು ಬರೆದೆ, ಕೇಳಿ ಬರೆಯಬೇಕಿತ್ತು, ಕೇಳಲಿಲ್ಲ, ತಪ್ಪಾಯಿತು ಎಂದೆ. ಕಂಡಕ್ಟರು ಮರಿಗಳ ಕಡೆ ನೋಡುತ್ತ ಕೂತರು.

ಆಕೆ ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ದನಿ ಏರಿಸದೇ ಹೇಳಿದಳು.

"ನಮ್ಮ ಕುರಿ ಒಬ್ರ ಹೊಲದಾಗ ಒಂದು ರಾತ್ರಿ ಮಲಗಿದ್ರ ಗೊಬ್ಬರ ಬಿಟ್ಟು ಏಳ್ತಾವು. ಅದಕ್ಕ ಅವ್ರು ಜ್ವಾಳ ಕೊಡ್ತಾರ. ಬರೇ ಉಂಡು ಏಳಾಕ ನಾವೇನು ಬೇಡಾಕ ಬಂದೀವೇನ್ರಿ? ನನ್ನ ಮಗಳಿಗೂ ಹಂಗ ಹೇಳಿ ಬಿಟ್ಟು ಬಂದಿದ್ದೆ. ಆ ಅವ್ವಗ ಯಾಕ ಮಂದಿ ಮುಂದ ಮಾನ ಕಳದ್ರಿ?"

ಇಷ್ಟು ವರ್ಷ ಮಕ್ಕಳಿಗೆ ಸ್ವಾಭಿಮಾನದ ಪಾಠ ಓದಿಸಿದವಳು ನಾನು. ಅದು ಎದುರಿಗೆ ಬಂದು ನಿಂತಾಗ ನನಗೆ ಕಂಡದ್ದು ಉಗುರಿನ ಕೊಳೆ. ಆಕೆಯೇ, ಇನ್ನು ಮೇಲೆ ಮಂಗಳವಾರ ಯಾರ ಮನೆ ಎಂದು ಕೇಳಿದಳು. ನಮ್ಮ ಮನೆ ಎಂದೆ. ಹಾಗೆ ಹೇಳುತ್ತೇನೆಂದು ನನಗೂ ಗೊತ್ತಿರಲಿಲ್ಲ.

"ಏನು ಕೆಲಸ ಕೊಡ್ತೀರಿ?"

ಏನೂ ಇಲ್ಲ, ಓದಿಕೊಂಡು ಉಂಡರೆ ಸಾಕು ಎಂದೆ. ಆಕೆ ತಲೆ ಅಲ್ಲಾಡಿಸಿದಳು. "ಹಂಗಾದ್ರ ಬ್ಯಾಡ್ರಿ. ಅಕಿ ಉಣ್ಣಂಗಿಲ್ಲ. ನಾನೂ ಕಳಸಂಗಿಲ್ಲ." ಪರೀಕ್ಷೆ ಇದೆ ಎಂದೆ, ಹಾಸ್ಟೆಲು ಎಂದೆ, ದೊಡ್ಡವಳ ಹಾಗೆ ಇವಳೂ ಆಗುವುದು ಬೇಡ ಎಂದೆ. ದೊಡ್ಡ ಮಗಳ ಹೆಸರೆತ್ತಿದಾಗ ಆಕೆಯ ಮುಖ ಒಂದು ಗಳಿಗೆ ಸಡಿಲವಾಯಿತು. ಆದರೂ ಮಾತು ಬದಲಾಗಲಿಲ್ಲ. ಕೊನೆಗೆ ನಾನು, ತಾಲ್ಲೂಕಿಗೆ ಪತ್ರ ಬರೆದ ಅದೇ ಮುಖ್ಯೋಪಾಧ್ಯಾಯಿನಿ, ಆ ಹೊಲದಲ್ಲಿ ಕಂಬಳಿಯ ಮೇಲೆ ಕೂತು, ಮಗುವಿಗೆ ಕೆಲಸ ಕೊಡುತ್ತೇನೆ ಎಂದು ತಾಯಿಗೆ ಮಾತು ಕೊಟ್ಟೆ. ಆಕೆ ಎದ್ದು ಮಗಳ ತಟ್ಟೆಯನ್ನು ತೊಳೆದು ಬ್ಯಾಗಿಗೆ ಹಾಕಿದಳು.

ತಿರುಗಿ ಬರುವಾಗ ಹುಡುಗಿ ಕಿಟಕಿಯ ಪಕ್ಕ ನಿದ್ದೆ ಹೋದಳು. ಆಗ ಕಂಡಕ್ಟರು, ಪತ್ರ ನನ್ನದೆಂದು ತಮಗೆ ಮೊದಲೇ ಗೊತ್ತಿತ್ತು ಎಂದರು. ಜೀಪಿನವರು ಅದನ್ನು ತೋರಿಸಿದ್ದರಂತೆ. ಎಡಗಡೆ ಹಾಳೆ ಮಡಚಿ, ಅಂಚು ಬಿಟ್ಟು ಬರೆಯುವವರು ಊರಿನಲ್ಲಿ ಇನ್ಯಾರಿದ್ದಾರೆ ಎಂದು ನಕ್ಕರು. ಮತ್ತೆ ಯಾಕೆ ಯಾರಿಗೂ ಹೇಳಲಿಲ್ಲ ಎಂದು ಕೇಳಿದೆ. ಅಕ್ಕೋರ ಮೇಲೆ ಊರಿಗೆ ಅನುಮಾನ ಬಂದರೆ ಮಕ್ಕಳನ್ನು ಸಾಲಿಗೆ ಕಳಿಸುವವರು ಯಾರು ಎಂದರು. ಬೆಲ್ಲದ ಮಾತು ಎಂದು ನಾನು ಅಂದುಕೊಂಡಿದ್ದು ಅವರ ಸಹಜ ಮಾತೇ ಆಗಿತ್ತು.

ಉಳಿದ ಮನೆಗಳನ್ನು ಅವರು ಒಂದೊಂದಾಗಿ ಒಪ್ಪಿಸಿದರು. ಅಕ್ಕೋರೇ ಒಂದು ದಿನ ಹಿಡಿದಿದ್ದಾರೆ ಎಂದ ಮೇಲೆ ಜೀಪು ಬರುವುದಿಲ್ಲ ಎನ್ನುವ ಧೈರ್ಯ ಆ ಮನೆಯವರಿಗೆ. ನನಗೆ ಉಳಿದದ್ದು ಇನ್ನೊಂದು ಬಾಗಿಲು. ಸೋಮವಾರ ಸಂಜೆ ಹೋಗಿ ಬಡಿದೆ. ಬರೆದದ್ದು ಎದುರು ಮನೆಯವಳಲ್ಲ, ನಾನು ಎಂದು ಆ ಒಂಟಿ ಹೆಂಗಸಿಗೆ ಹೇಳಿದೆ. ನಾಳೆ ಹುಡುಗಿ ನಮ್ಮ ಮನೆಗೆ ಬರುತ್ತಾಳೆ, ಅವಳಿಗೆ ಕೊಡಲು ನನ್ನ ಹತ್ತಿರ ಕೆಲಸವಿಲ್ಲ, ನಾನು ಬೀಜ ಬಿಡಿಸಿದ ಹಣ್ಣನ್ನೇ ಅಂಗಡಿಯಿಂದ ತರುವವಳು ಎಂದೂ ಹೇಳಿದೆ. ಆಕೆ ನನ್ನ ಮುಖದ ಮೇಲೆಯೇ ಬಾಗಿಲು ಹಾಕಿದಳು. ಮುಗಿಯಿತು ಎಂದು ಮೆಟ್ಟಿಲಿಳಿದೆ. ಹೇಗೂ ಅದಕ್ಕೆ ನಾನು ಯೋಗ್ಯಳೇ. ಹಿಂದಿನಿಂದ ಬಾಗಿಲು ಅರ್ಧ ತೆರೆದ ಸದ್ದಾಯಿತು. ತಿರುಗಿ ನೋಡಿದರೆ ಹೊಸ್ತಿಲ ಹೊರಗೆ ಬುಟ್ಟಿ, ಅದರಲ್ಲಿ ಅರ್ಧದಷ್ಟು ಹುಣಸೆಹಣ್ಣು, ಮೇಲೊಂದು ಕುಟ್ಟುವ ಕಲ್ಲು. ಬಾಗಿಲು ಮತ್ತೆ ಮುಚ್ಚಿತ್ತು. ಆಕೆ ಇವತ್ತಿಗೂ ನನ್ನೊಂದಿಗೆ ಮಾತಾಡುವುದಿಲ್ಲ.

ಮಂಗಳವಾರ ಸಂಜೆ ಹುಡುಗಿ ಬಂದಳು. ಬ್ಯಾಗಿನಲ್ಲಿ ತಟ್ಟೆ ಠಣ್ ಎಂದಿತು. ಬುಟ್ಟಿಯನ್ನು ನಾನು ಅಡುಗೆಮನೆಯ ಮೂಲೆಯಲ್ಲಿ ಮುಚ್ಚಿಟ್ಟಿದ್ದೆ. ಕೊನೆಯ ಗಳಿಗೆಯಲ್ಲೂ ನನ್ನ ಜಾಣತನ ಬಿಡಲಿಲ್ಲ. ಕೆಲಸ ಎಂದರೆ ಹುಣಸೆಹಣ್ಣೇ ಆಗಬೇಕೇ ಎಂದು ಯೋಚಿಸಿ, ನನ್ನ ಕನ್ನಡಕ ಸರಿಯಿಲ್ಲ, ಪೇಪರು ಓದಿ ಹೇಳು ಎಂದೆ. ಚಕ್ಕಳಮಕ್ಕಳ ಹಾಕಿಕೊಂಡು ಕೂತು ಒಂದು ಇಡೀ ಪುಟ ಓದಿದಳು, ಮೆಣಸಿನಕಾಯಿಯ ಧಾರಣೆಯ ಸಮೇತ. ನಾನು ರೊಟ್ಟಿ, ಹೆಸರುಕಾಳಿನ ಪಲ್ಯ ತಂದು ಅವಳ ತಟ್ಟೆಗೆ ಹಾಕಿದೆ. ಅವಳು ಕೈ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಳು.

"ಓದಿದ್ದು ನನಗಾತಲ್ರಿ ಮೇಡಂ. ನಿಮಗೇನು ಮಾಡ್ಲಿ?"

ಅವಳು ಹಸಿದಿದ್ದಳು. ರೊಟ್ಟಿಯಿಂದ ಇನ್ನೂ ಬಿಸಿ ಏಳುತ್ತಿತ್ತು, ಅವಳ ಕಣ್ಣು ಅದರ ಮೇಲೇ ಇತ್ತು, ಕೈ ಮಾತ್ರ ಮೇಲೇಳಲಿಲ್ಲ. ಎದುರಿಗೆ ಕೂತ ನನಗೆ ತಡೆದುಕೊಳ್ಳಲಾಗಲಿಲ್ಲ. ಎರಡು ವಾರ ಇದನ್ನು ನೋಡಿದ ಆ ಒಂಟಿ ಹೆಂಗಸು ತಂಗಿಯ ಮನೆಯಿಂದ ಬುಟ್ಟಿ ಹೊತ್ತು ತಾರದೆ ಇನ್ನೇನು ಮಾಡಬೇಕಿತ್ತು? ಒಳಗೆ ಹೋಗಿ ಬುಟ್ಟಿ ತಂದು ಇಬ್ಬರ ನಡುವೆ ಇಟ್ಟೆ. ಅವಳ ಮುಖ ಅರಳಿತು. ಕಲ್ಲು ತೆಗೆದುಕೊಂಡು, ಬೀಜ ಒಡೆಯದ ಹಾಗೆ ಎಲ್ಲಿ ಪೆಟ್ಟು ಹಾಕಬೇಕು ಎಂದು ನನಗೆ ತೋರಿಸಿದಳು. ನನ್ನ ಕೈಯಲ್ಲಿ ನಾಲ್ಕು ಬೀಜ ಬಿಡುವಷ್ಟರಲ್ಲಿ ಅವಳ ಮುಂದೆ ಒಂದು ಹಿಡಿಯಾಗಿತ್ತು. ಹತ್ತು ಹಣ್ಣು ಆದ ಮೇಲೆ ಕೈ ತೊಳೆದುಕೊಂಡು ಉಣ್ಣತೊಡಗಿದಳು. ಇನ್ನೊಂದು ರೊಟ್ಟಿ ಬೇಕೇ ಎಂದರೆ ನಾಚದೇ ಹೂಂ ಎಂದಳು. ಉಂಡು ಮುಗಿಸಿ ಮತ್ತೆ ಕಲ್ಲು ಹಿಡಿದಳು.

ನಮ್ಮ ಮನೆಯ ಬಾಗಿಲು ಹಗಲೆಲ್ಲ ತೆರೆದೇ ಇರುತ್ತದೆ. ಹೊರಗೆ ಇನ್ನೂ ಬೆಳಕಿತ್ತು. ಓಣಿಯಲ್ಲಿ ಬರುತ್ತಿದ್ದ ಯಾರದೋ ಚಪ್ಪಲಿಯ ಸದ್ದು ನಮ್ಮ ಮನೆಯ ಮುಂದೆ ಬಂದು ನಿಂತಿತು. ಹುಡುಗಿಯ ಕೈಯೂ ನಿಂತಿತು. ಅವಳು ನನ್ನ ಮುಖ ನೋಡಿದಳು. ನಾನು ಎದ್ದು ಹೋಗಿ ಬಾಗಿಲು ಹಾಕಿದೆ.